ನೀನು ದಿನ ಎಣಿಸಬೇಕಾಗಿಲ್ಲ

ನಮ್ಮ ಅಡುಗೆಮನೆಯ ಫ್ರಿಜ್ಜಿನ ಮೇಲೆ ಇಂಡಿಯನ್ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರ್ ಇದೆ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವಂಥದ್ದು. ನಾನು ರಾಹುಕಾಲ ನೋಡುವವಳಲ್ಲ. ಬೆಂಗಳೂರಿಗೆ ಹೋಗುವ ವರ್ಷ ಮಾತ್ರ ಅದರ ಹಾಳೆಯೊಂದನ್ನು ಕಿತ್ತು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಅಲ್ಲಿ ದಿನಾ ಬೆಳಿಗ್ಗೆ ಕಾಫಿ ಆದಮೇಲೆ ಪೆನ್ಸಿಲಿನಲ್ಲಿ ಒಂದು ಅಡ್ಡಗೆರೆ. ಇಪ್ಪತ್ತೆಂಟನೆಯ ಗೆರೆ ಬೀಳುವ ಹೊತ್ತಿಗೆ ನಾನು ಮತ್ತೆ ನ್ಯೂಜೆರ್ಸಿಯಲ್ಲಿ, ಪಾರ್ಸಿಪನಿಯ ಈ ಸೀನಿಯರ್ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಇರಲೇಬೇಕು.

ಕಾರಣ ಇಷ್ಟೇ. ಕೈಯಲ್ಲಿ ಕಾಸಿಲ್ಲದ ಮುದುಕರಿಗೆ ಈ ದೇಶದ ಸರ್ಕಾರ ತಿಂಗಳಿಗೊಂದು ಚೆಕ್ಕು ಕೊಡುತ್ತದೆ. ಎಸ್‌ಎಸ್‌ಐ ಅನ್ನುತ್ತಾರೆ. ದೇಶ ಬಿಟ್ಟು ಸತತವಾಗಿ ಮೂವತ್ತು ದಿನ ಹೊರಗಿದ್ದರೆ ಅದು ನಿಂತುಹೋಗುತ್ತದೆ. ತಿರುಗಿ ಬಂದಮೇಲೆ ಇಲ್ಲಿ ಮತ್ತೆ ಮೂವತ್ತು ದಿನ ಕೂತು ತೋರಿಸಿದರೆ ಮಾತ್ರ ಮತ್ತೆ ಶುರು. ನಮ್ಮ ಬಿಲ್ಡಿಂಗಿನ ಇಂಡಿಯನ್ ಮುದುಕರಿಗೆ ಮೊಮ್ಮಕ್ಕಳ ಬರ್ತ್‌ಡೇ ಮರೆತೀತು, ಈ ಲೆಕ್ಕ ಮರೆಯುವುದಿಲ್ಲ.

ನಾನೂ ಈ ಚೆಕ್ಕಿನವಳೇ. ಓದಿದ ಕಾನ್ವೆಂಟಿನಲ್ಲಿಯೇ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಪಾಠ ಹೇಳಿದೆ. ಮದುವೆಯಾಗಲಿಲ್ಲ. ರಿಟೈರಾದ ಮೇಲೆ ತಂಗಿ ಸ್ಪಾನ್ಸರ್ ಮಾಡಿ ಕರೆಸಿಕೊಂಡಳು. ಕೆಲವು ವರ್ಷ ಪ್ಲೇನ್ಸ್‌ಬರೋದಲ್ಲಿ ಅವಳ ಮನೆಯಲ್ಲೇ ಇದ್ದೆ. ಬಲಗೈ ಎತ್ತಿ ಓತ್ ತೆಗೆದುಕೊಂಡು ಸಿಟಿಜನ್ ಆದೆ, ಆಮೇಲೆ ಈ ಚೆಕ್ಕು, ಈ ಮನೆ. ಈ ದೇಶಕ್ಕೆ ನಾನು ಒಂದು ಡಾಲರ್ ಇನ್‌ಕಮ್ ಟ್ಯಾಕ್ಸ್ ಕಟ್ಟಿದವಳಲ್ಲ. ಮುಂದಿನ ಮಾತಿಗೆ ಇದು ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದನ್ನೂ ಹೇಳಬೇಕು. ನನ್ನ ಅಣ್ಣ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಪ್ಪತ್ತೇಳನೆಯ ದಿನ ನಾನು ವಿಮಾನ ಹತ್ತಿದೆ. "ಇನ್ನೆರಡು ದಿನ ಇದ್ದು ಹೋಗೆ" ಅಂದಿದ್ದ. ಅವನು ಎಂದೂ ಯಾರನ್ನೂ ಏನೂ ಕೇಳಿದವನಲ್ಲ. "ಟಿಕೆಟ್ ಆಗಿಹೋಗಿದೆ ಕಣೋ" ಅಂದೆ. ಟಿಕೆಟ್ ಬದಲಾಯಿಸಬಹುದಿತ್ತು. ಇಲ್ಲಿಗೆ ಬಂದ ಐದನೆಯ ದಿನ, ಅವನ ಕೊನೆಯ ಗಳಿಗೆಯನ್ನು ಅತ್ತಿಗೆ ಹಿಡಿದ ಫೋನಿನಲ್ಲಿ ನೋಡಿದೆ. ಆ ತಿಂಗಳ ಚೆಕ್ಕು ಮಾತ್ರ ಸರಿಯಾಗಿ ಬಂತು.

ನಮ್ಮ ಎದುರುಮನೆಯವಳು ಅಮೆರಿಕದ ಆಳ್ವಿಕೆಗೇ ಸೇರಿದ ಪೋರ್ಟೊ ರಿಕೊ ದ್ವೀಪದವಳು. ನನ್ನ ವಯಸ್ಸೇ, ಆದರೆ ಬೆನ್ನು ನನ್ನಷ್ಟು ಬಾಗಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ನ್ಯೂಅರ್ಕಿಗೆ ಬಂದು ಮೊದಲು ಕೈಚೀಲ ಹೊಲಿಯುವ ಫ್ಯಾಕ್ಟರಿ, ಆಮೇಲೆ ಆಸ್ಪತ್ರೆಯೊಂದರ ಲಾಂಡ್ರಿ. ಎಷ್ಟು ವರ್ಷ ಅಂದರೆ ಅವಳ ಎರಡು ಅಂಗೈಗಳೂ ಇವತ್ತಿಗೂ ಬ್ಲೀಚಿನಲ್ಲಿ ಅದ್ದಿದ ಹಾಗೆ ಬಿಳುಪು. ದುಡಿದದ್ದರ ಪೆನ್ಷನ್ ಎಂದು ಸಣ್ಣದೊಂದು ಚೆಕ್ಕು ಬರುತ್ತದೆ. ಅದು ಸಾಲದ್ದಕ್ಕೆ, ಗಂಡ ಹೋದಮೇಲೆ, ನನಗೆ ಬರುವ ಎಸ್‌ಎಸ್‌ಐಯೇ ಅವಳಿಗೂ ಸ್ವಲ್ಪ ಬರುತ್ತದೆ.

ನಮ್ಮಿಬ್ಬರನ್ನು ಹತ್ತಿರ ತಂದದ್ದು ಕ್ರೈಸ್ತ ಸನ್ಯಾಸಿನಿಯರಾದ ಸಿಸ್ಟರ್‌ಗಳು. ಅವಳು ಓದಿದ್ದೂ ಕಾನ್ವೆಂಟಿನಲ್ಲಿ, ಆರನೆಯ ಕ್ಲಾಸಿನವರೆಗೆ. ಒಂದು ದಿನ ಲಿಫ್ಟಿನಲ್ಲಿ ನಾನು ಕರ್ಸಿವ್‌ನಲ್ಲಿ ಬರೆದ ಅಂಗಡಿ ಚೀಟಿಯನ್ನು ನೋಡಿ ನಕ್ಕಳು. ತನ್ನ ಪರ್ಸಿನಿಂದ ಚೀಟಿ ತೆಗೆದು ತೋರಿಸಿದಳು. ಅದೇ ಬಾಲ, ಅದೇ ಬಳುಕು, ಒಂದೇ ಬೆತ್ತದಲ್ಲಿ ಕಲಿತ ಅಕ್ಷರ. ಅವತ್ತಿನಿಂದ ಅವಳು ನನ್ನನ್ನು "ಮಾಯೆಸ್ತ್ರಾ" ಅನ್ನುತ್ತಾಳೆ. ಅವರ ಭಾಷೆಯಲ್ಲಿ ಟೀಚರಮ್ಮ. ನಾವು ಮಾತಾಡುವುದು ಇಂಗ್ಲಿಷಿನಲ್ಲೇ, ಅವಳದರಲ್ಲಿ ಅರ್ಧ ಸ್ಪ್ಯಾನಿಷ್ ಬೆರೆತಿರುತ್ತದೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಸರ್ಕಾರದಿಂದ ಯಾರಿಗೆ ಯಾವ ಕಾಗದ ಬಂದರೂ ಓದಿ ಹೇಳುವವಳು, ಉತ್ತರ ಬರೆಯುವವಳು ಈ ಮಹಡಿಗೆಲ್ಲ ನಾನೇ. ಅದರಲ್ಲಿ ನನಗೆ ಜಂಬವಿತ್ತು. ಇತ್ತು ಅನ್ನುತ್ತಿದ್ದೇನೆ.

ಕಳೆದ ವಸಂತದಲ್ಲಿ, ಪಾರ್ಕಿಂಗ್ ಲಾಟಿನ ಚೆರಿ ಮರ ಹೂ ಬಿಟ್ಟಿದ್ದ ಒಂದು ಬೆಳಿಗ್ಗೆ, ಅವಳು ಬಾಗಿಲು ಬಡಿದಳು. ಕೈಯಲ್ಲಿ ಎಸ್‌ಎಸ್‌ಐ ಕೊಟ್ಟಾಗ ಕಳಿಸಿದ್ದ ಬುಕ್‌ಲೆಟ್. ದ್ವೀಪದಲ್ಲಿರುವ ಅವಳ ಅಕ್ಕನಿಗೆ ಎರಡು ಕಿಡ್ನಿಯೂ ಸೋಲುತ್ತಿವೆಯಂತೆ. ಡಯಾಲಿಸಿಸ್ ಶುರು ಮಾಡುವುದೇ ಬೇಡ ಎಂದು ಅಕ್ಕನೇ ಹೇಳಿದ್ದಾಳಂತೆ.

"ಎಷ್ಟು ದಿನ ಅಂತ ಡಾಕ್ಟರಿಗೂ ಗೊತ್ತಿಲ್ಲ, ಮಾಯೆಸ್ತ್ರಾ. ನಾನು ಹೋಗಿ ಇರಬೇಕು. ಲಾಂಡ್ರಿಯಲ್ಲಿ ಹೆಂಗಸರು ಹೇಳುತ್ತಿದ್ದರು, ಈ ಚೆಕ್ಕು ದ್ವೀಪಕ್ಕೆ ಬರುವುದಿಲ್ಲ ಅಂತ. ನೀನು ಓದಿ ಹೇಳು."

ನಾನು ಕನ್ನಡಕ ಹಾಕಿಕೊಂಡು ಓದಿದೆ. ಯುನೈಟೆಡ್ ಸ್ಟೇಟ್ಸ್ ಬಿಟ್ಟು ಮೂವತ್ತು ದಿನ ಹೊರಗಿದ್ದರೆ ನಿಲ್ಲುತ್ತದೆ ಎಂದಿತ್ತು. ನನಗೆ ಬಾಯಿಪಾಠವಾಗಿದ್ದ ಸಾಲು.

"ಇದು ನಮ್ಮಂಥವರಿಗೆ," ಎಂದೆ. "ನಿನಗಲ್ಲ. ನೀನು ಹುಟ್ಟಿದ್ದೇ ಸಿಟಿಜನ್ ಆಗಿ. ನಿನ್ನ ಊರಿಗೆ ಹೋಗಲು ಪಾಸ್‌ಪೋರ್ಟ್ ಬೇಕೆ?"

"ಇಲ್ಲ."

"ಕಾಗದ ಹಾಕಲು ಬೇರೆ ಸ್ಟ್ಯಾಂಪ್?"

"ಇದೇ ಸ್ಟ್ಯಾಂಪ್."

"ನಿನ್ನ ಅಣ್ಣ ಯಾವ ಸೈನ್ಯದಲ್ಲಿದ್ದ?"

"ಇದೇ ಸೈನ್ಯ." ಅವಳು ಶಿಲುಬೆ ಮಾಡಿಕೊಂಡಳು. ಅವನು ಯುದ್ಧದಿಂದ ತಿರುಗಿ ಬಂದಿರಲಿಲ್ಲ.

"ಮತ್ತೆ? ಅದು ಹೇಗೆ ಫಾರಿನ್ ಆಗುತ್ತದೆ, ಮೈ ಡಿಯರ್? ನಾನು ಬೆಂಗಳೂರಿಗೆ ಹೋದರೆ ಎಣಿಸಬೇಕು. ನೀನು ದಿನ ಎಣಿಸಬೇಕಾಗಿಲ್ಲ."

ಹೇಳುವಾಗ ನನ್ನ ದನಿಯಲ್ಲಿ ಅಸೂಯೆಯೂ ಇತ್ತು. ಹುಟ್ಟಿನಿಂದ ಸಿಟಿಜನ್ ಆದವರೆಂದರೆ ನಮ್ಮಂಥ ವಲಸೆಗಾರರಿಗೆ ದೇವಲೋಕದವರು. ಅವರಿಗೂ ಒಳಗೆ ಒಂದು ಗೇಟು ಇರಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ. ಸರ್ಕಾರ ಒಂದು ಅಂದಮೇಲೆ ರೂಲೂ ಒಂದು. ಬೆಂಗಳೂರಿನಲ್ಲಿ ರಿಟೈರಾದ ಗುಮಾಸ್ತ ಕಲ್ಕತ್ತಕ್ಕೆ ಹೋಗಿ ಮಗಳ ಮನೆಯಲ್ಲಿದ್ದರೆ ಅವನ ಪೆನ್ಷನ್ ನಿಲ್ಲುತ್ತದೆಯೆ? ಹಾಗೆ ಯೋಚಿಸಿದೆ, ಪುಟ ತಿರುಗಿಸಲಿಲ್ಲ. ಈ ಚೆಕ್ಕಿನ ಲೆಕ್ಕಕ್ಕೆ ಯುನೈಟೆಡ್ ಸ್ಟೇಟ್ಸ್ ಅಂದರೆ ಯಾವ ಯಾವ ಜಾಗ ಎಂಬುದನ್ನು ಹಿಂದಿನ ಪುಟದಲ್ಲಿ ಅಚ್ಚು ಮಾಡಿದ್ದರು. ಐವತ್ತು ರಾಜ್ಯ, ರಾಜಧಾನಿ, ಪೆಸಿಫಿಕ್ಕಿನ ಎಲ್ಲೋ ಒಂದು ದ್ವೀಪಸಮೂಹ. ಅವಳ ದ್ವೀಪ ಇರಲಿಲ್ಲ. ಕ್ವೆಶ್ಚನ್ ಪೇಪರನ್ನು ಎರಡೂ ಕಡೆ ಓದಿ ಎಂದು ಮೂವತ್ತನಾಲ್ಕು ವರ್ಷ ಮಕ್ಕಳ ತಲೆ ತಿಂದವಳು ನಾನು.

ಸಾಲದ್ದಕ್ಕೆ ಇನ್ನೊಂದು ಮಾಡಿದೆ. ಎಲ್ಲಿಗಾದರೂ ಹೋಗುವಾಗ ಆಫೀಸಿಗೆ ತಿಳಿಸಬೇಕು ಎಂದು ಬುಕ್‌ಲೆಟ್ಟಿನಲ್ಲಿತ್ತು. ತಿಳಿಸುವುದು ಧರ್ಮ. ಬಚ್ಚಿಡುವುದು ಸುಳ್ಳಿನ ತಂಗಿ ಎಂದು ನಮ್ಮ ಸಿಸ್ಟರ್ ಹೇಳುತ್ತಿದ್ದರು. ಅಲ್ಲೇ ಕೂತು, ಒಳ್ಳೆಯ ಲೆಟರ್‌ಪ್ಯಾಡ್ ತೆಗೆದು, ಕರ್ಸಿವ್‌ನಲ್ಲಿ ಬರೆದೆ. ಕಾಯಿಲೆಯ ಅಕ್ಕನನ್ನು ನೋಡಿಕೊಳ್ಳಲು ಪೋರ್ಟೊ ರಿಕೊಗೆ ಹೋಗುತ್ತಿದ್ದೇನೆ, ಇಂಥ ದಿನ ಹೊರಡುತ್ತೇನೆ, ಯಾವಾಗ ಬರುತ್ತೇನೋ ದೇವರಿಗೆ ಗೊತ್ತು. ಅವಳು ಸಹಿ ಹಾಕಿದಳು. ಇಬ್ಬರೂ ಅಕ್ಷರವನ್ನು ಮೆಚ್ಚಿಕೊಂಡೆವು.

ಬೀಗದ ಕೈ ನನಗೆ ಕೊಟ್ಟು ಹೋದಳು. ಟಪಾಲು ತೆಗೆದು ಓದುವುದು, ಕಿಟಕಿಯ ಕುಂಡಕ್ಕೆ ನೀರು ಹಾಕುವುದು ನನ್ನ ಕೆಲಸ. ಆ ಕುಂಡದಲ್ಲಿ ಉದ್ದ ಎಲೆಯ, ಅಂಚು ಗರಗಸದ ಹಾಗಿರುವ ಒಂದು ಸೊಪ್ಪಿದೆ. ಮುಟ್ಟಿದರೆ ಥೇಟ್ ನಮ್ಮ ಕೊತ್ತಂಬರಿಯ ವಾಸನೆ, ಇನ್ನೂ ಖಡಕ್ಕು. ಒಂದೆರಡು ಎಲೆ ಕಿತ್ತು ಸಾರಿಗೆ ಹಾಕಿಕೊಳ್ಳುತ್ತಿದ್ದೆ.

ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದಳು. ಅಕ್ಕ ಇವತ್ತು ಎರಡು ಚಮಚ ಸೂಪು ಕುಡಿದಳು. ಅಕ್ಕ ನಾನು ಎಂಟು ವರ್ಷದವಳಿದ್ದಾಗ ಕದ್ದ ರಿಬ್ಬನ್ನಿನ ವಿಷಯ ತೆಗೆದು ಬೈದಳು, ಅನ್ನುತ್ತಿದ್ದಳು. ಅವಳ ಧ್ವನಿ ದಣಿದಿತ್ತು, ಆದರೆ ಒಳಗೆ ಏನೋ ಹಗುರವಾಗಿತ್ತು. ನಾನೂ ದಿನ ಎಣಿಸಲಿಲ್ಲ. ಯಾರೋ ಒಬ್ಬರ ದಿನವಾದರೂ ಗೆರೆ ಎಳೆಯದೆ ನಡೆಯಲಿ ಅನ್ನಿಸುತ್ತಿತ್ತು.

ಆರನೆಯ ವಾರ ಕಂದು ಲಕೋಟೆ ಬಂತು.

ನಿಂತಲ್ಲೇ ಓದಿದೆ. ನೀವು ಯುನೈಟೆಡ್ ಸ್ಟೇಟ್ಸಿನ ಹೊರಗೆ ಮೂವತ್ತು ದಿನಕ್ಕಿಂತ ಹೆಚ್ಚು ಇರುವುದರಿಂದ ನಿಮ್ಮ ಹಣ ನಿಲ್ಲಿಸಲಾಗಿದೆ. ತಿರುಗಿ ಬಂದು ಮೂವತ್ತು ದಿನ ಇಲ್ಲಿದ್ದ ಮೇಲೆ ನಮಗೆ ತಿಳಿಸಿ. ಕೊನೆಗೆ, ಈ ಮಾಹಿತಿ ನೀವೇ ಬರೆದ ಪತ್ರದಿಂದ ತಿಳಿಯಿತು ಎಂದಿತ್ತು. ನನ್ನ ಲೆಟರ್‌ಪ್ಯಾಡು.

ಅವಳ ಸೋಫಾದ ಮೇಲೆ ಕೂತೆ. ಅದಕ್ಕೆ ಇನ್ನೂ ಪ್ಲಾಸ್ಟಿಕ್ ಕವರ್ ಇದೆ, ಕೂತರೆ ಸದ್ದು ಮಾಡುತ್ತದೆ. ತಿಳಿಸಿದರೆ ಅವಳು ಅಕ್ಕನನ್ನು ಬಿಟ್ಟು ಬರಬೇಕಾಗುತ್ತದೆ. ತಿಳಿಸದಿದ್ದರೆ ಇಲ್ಲಿ ಒಂದೊಂದೇ ತಿಂಗಳ ಹಣ ಕೈಬಿಡುತ್ತದೆ. ಬಾಡಿಗೆ, ಕರೆಂಟು, ಫೋನು. ಪೆನ್ಷನ್ನಿನ ಸಣ್ಣ ಚೆಕ್ಕಿನಲ್ಲಿ ಇವು ಮೂರೂ ನಡೆಯುವುದಿಲ್ಲ.

ತಂಗಿಗೆ ಫೋನ್ ಮಾಡಿದೆ.

"ಅಯ್ಯೋ ಅಕ್ಕ, ನಿಂಗ್ಯಾಕೆ ಬೇಕಿತ್ತು ಇದೆಲ್ಲ? ಆ ಲೆಟರ್ ಬರಿ ಅಂತ ಯಾರು ಹೇಳಿದ್ರು ನಿಂಗೆ?"

"ಬುಕ್‌ಲೆಟ್‌ನಲ್ಲಿ ಇತ್ತು ಕಣೆ. ಅಲ್ದೆ ನಮ್ಮ ಸಿಸ್ಟರ್..."

"ಆ ಸಿಸ್ಟರ್ ತೀರಿಕೊಂಡು ಐವತ್ತು ವರ್ಷ ಆಯ್ತು. ನೀನಿನ್ನೂ ಕೈ ಕಟ್ಕೊಂಡು ನಿಂತಿದೀಯ ಅವರ ಮುಂದೆ."

ಬುಧವಾರ ಟೌನ್‌ಶಿಪ್ಪಿನ ಹಾಲ್‌ನಲ್ಲಿ ಸೀನಿಯರ್ ಲಂಚ್. ನಮ್ಮ ಕಡೆಯವರದ್ದೊಂದು ಟೇಬಲ್ಲಿದೆ. ಧಾರವಾಡದ ಒಬ್ಬ ರಿಟೈರ್ಡ್ ಆಡಿಟರು, ಅವರ ಹೆಂಡತಿ, ನಾನು. ಡಬ್ಬಿಯಲ್ಲಿ ಉಪ್ಪಿಟ್ಟು ತಂದಿದ್ದರು. ಅಮೆರಿಕನ್ ಊಟದ ಟ್ರೇ ಪಕ್ಕಕ್ಕೆ ಸರಿಸಿ ನಾವು ಅದನ್ನೇ ತಿನ್ನುವುದು.

"ಏನ್ರೀ ಟೀಚರ, ಮೋತಿ ಯಾಕ ಸಣ್ಣ ಮಾಡೀರಿ?" ಅಂದರು ಆಡಿಟರು.

ಹೇಳಿದೆ. ಅವರು ಚಮಚ ಕೆಳಗಿಟ್ಟರು.

"ಬರದು ಕೊಟ್ರಿ? ಸ್ವಂತ ಕೈಲೆ ಬರದು ಕೊಟ್ರಿ? ಭಾಳ ಶಾಣ್ಯಾರಿದ್ದೀರಿ ಬಿಡ್ರಿ." ಆಮೇಲೆ ಕತ್ತು ಅಲ್ಲಾಡಿಸುತ್ತ, "ಆದರ ಲೆಕ್ಕ ಸರಿ ಅದ. ಆ ನಡುಗಡ್ಡಿಯೊಳಗ ಇದ್ದವರು ಫೆಡರಲ್ ಇನ್‌ಕಮ್ ಟ್ಯಾಕ್ಸ್ ಕಟ್ಟಂಗಿಲ್ಲ. ಕಟ್ಟಲಾರದವರಿಗೆ ರೊಕ್ಕ ಎಲ್ಲಿಂದ ಕೊಡಬೇಕ್ರಿ? ದೊಡ್ಡ ಕೋರ್ಟ್‌ನವರೂ ಹಂಗ ಅಂದಾರ," ಎಂದರು.

"ಅವಳು ನ್ಯೂಅರ್ಕಿನಲ್ಲಿ ದುಡಿದವಳು ಸಾರ್. ವಾರವಾರ ಮುರಿದುಕೊಂಡಿದ್ದಾರೆ."

"ಇರಬಹುದು. ಆದರ ರೂಲ್ ಅಂದ್ರ ರೂಲ್. ಕೊಟ್ಟವರಿಗೆ ಬರಬೇಕು."

"ನೀವು ಎಷ್ಟು ಕೊಟ್ಟಿದ್ದೀರಿ ಸಾರ್, ಈ ದೇಶಕ್ಕೆ?"

ಅವರಿಗೂ ಅದೇ ಚೆಕ್ಕು ಬರುತ್ತದೆ, ಹೆಂಡತಿಗೂ ಬರುತ್ತದೆ. ನನಗಂತೂ ಬರುತ್ತದೆ. ಬಡ್ಡಿಯ ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಮನುಷ್ಯ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕತೊಡಗಿದರು.

"ನನ್ನ ಮಗಳು ಕಟ್ತಾಳಲ್ರೀ," ಅಂದರು ಕೊನೆಗೆ.

"ಅಕಿ ಕಟ್ಟಿದ್ದು ಅಕಿಗೆ ಆತು," ಅಂದರು ಅವರ ಹೆಂಡತಿ. "ಊರಾಗ ಇದ್ದಾಗ ಏನಂತಿದ್ರಿ? ಬೆಂಗಳೂರಾಗ ಫ್ಲೈಓವರ್ ಮ್ಯಾಲ ಫ್ಲೈಓವರ್, ನಮ್ಮ ಕಡೆ ನಳಕ್ಕ ವಾರಕ್ಕೊಮ್ಮೆ ನೀರು, ನಾವೇನು ಕರ್ನಾಟಕದಾಗ ಇಲ್ಲೇನು ಅಂತ ಪೇಪರಿಗೆ ಲೆಟರ್ ಬರೀತಿದ್ರಲ್ಲ? ಆಗ ಬೆಂಗಳೂರಿನವರೂ ಹಿಂಗ ಅಂದಿದ್ರು. ಟ್ಯಾಕ್ಸ್ ಕೊಡೋರು ನಾವು, ನಮಗ ಮೊದಲು ಅಂತ."

"ಅದು ಬ್ಯಾರೆ ಮಾತು."

"ಎಲ್ಲಾರದೂ ಬ್ಯಾರೆ ಮಾತೇ. ಸುಮ್ನ ಉಪ್ಪಿಟ್ಟು ತಿನ್ರಿ."

ನಾನು ಹಳೇ ಮೈಸೂರಿನವಳು. ಅವರ ಹೆಂಡತಿಯ ಆ ಮಾತು ನನಗೂ ತಾಗಿತು. ನಾನು ಹುಡುಗಿಯಾಗಿದ್ದಾಗ, ಕನ್ನಡದ ಊರುಗಳೆಲ್ಲ ಒಂದೇ ರಾಜ್ಯವಾದ ಹೊಸದರಲ್ಲಿ, ನಮ್ಮ ಮನೆಯಲ್ಲೂ ಇದೇ ಗೊಣಗಾಟವಿತ್ತು. ನಮ್ಮ ಮಹಾರಾಜರು ಕೂಡಿಟ್ಟದ್ದೆಲ್ಲ ಇನ್ನು ಆ ಕಡೆಗೆ ಹೋಗುತ್ತದೆ ಎಂದು ಅಮ್ಮ, ಅಜ್ಜಿ, ಪಕ್ಕದ ಮನೆಯ ರೆವಿನ್ಯೂ ಇಲಾಖೆಯವರು ಎಲ್ಲ ಹೇಳುತ್ತಿದ್ದರು. ಅಪ್ಪ ಲೋಕೋಪಯೋಗಿ ಇಲಾಖೆಯ ಗುಮಾಸ್ತರು. ಅವರಿಗೆ ರಾಯಚೂರಿಗೆ ವರ್ಗವಾಯಿತು. ಅಮ್ಮ ಅತ್ತಳು. ಅಪ್ಪ ಒಬ್ಬರೇ ಹೋಗಿ ಎರಡು ವರ್ಷ ಇದ್ದು ಬಂದರು. ಬಂದಮೇಲೆ ಒಮ್ಮೆ ಪಕ್ಕದ ಮನೆಯವರು ಅದೇ ಮಾತು ತೆಗೆದಾಗ, ಅಪ್ಪ ತಾಂಬೂಲದ ತಟ್ಟೆಯನ್ನು ಪಕ್ಕಕ್ಕಿಟ್ಟು, "ಅಲ್ಲಿ ಹೆಣ್ಣುಮಕ್ಕಳು ನೀರಿಗೆ ಮೂರು ಮೈಲಿ ನಡೀತಾರೆ ಸ್ವಾಮಿ," ಎಂದರು. ಅಷ್ಟೇ. ಮತ್ತೆ ಆ ವಿಷಯ ಮಾತಾಡಲಿಲ್ಲ. ಈಗಲೂ ಫೋನಿನಲ್ಲಿ ಕಸಿನ್‌ಗಳು ಕಳಿಸುತ್ತಾರೆ, ನಮ್ಮ ರಾಜ್ಯ ಕೇಂದ್ರಕ್ಕೆ ಕೊಡುವುದೆಷ್ಟು, ನಮಗೆ ಬರುವುದೆಷ್ಟು ಎಂದು. ನ್ಯೂಜೆರ್ಸಿಯವರೂ ವಾಷಿಂಗ್ಟನ್ನಿನ ಮೇಲೆ ಅದನ್ನೇ ಹೇಳುತ್ತಾರೆ. ಎಲ್ಲರೂ ಕೊಡುವವರೇ. ತೆಗೆದುಕೊಳ್ಳುವವರು ಯಾವಾಗಲೂ ಎದುರುಮನೆಯಲ್ಲಿರುತ್ತಾರೆ. ಮೊದಲೆಲ್ಲ ನನಗೆ ಇದರಿಂದ ಸಿಟ್ಟು ಬರುತ್ತಿತ್ತು. ಈಗ ಸುಸ್ತಾಗುತ್ತದೆ.

ಮನೆಗೆ ಬಂದು ಅವಳಿಗೆ ಫೋನ್ ಮಾಡಿದೆ. ಕಾಗದವನ್ನು ಒಂದು ಸಾಲೂ ಬಿಡದೆ ಓದಿದೆ. ಬುಕ್‌ಲೆಟ್ಟಿನ ಆ ಹಿಂದಿನ ಪುಟವನ್ನೂ ಓದಿದೆ. "ನನ್ನ ತಪ್ಪು," ಎಂದೆ. ಅವಳ ಕಡೆ ಕೋಳಿಯೊಂದು ಕೂಗುತ್ತಿತ್ತು. ಹಿಂದೆ ಅಕ್ಕ ಏನೋ ನರಳಿದ ಸದ್ದು.

"ಹಾಗಾದರೆ ಮಾಯೆಸ್ತ್ರಾ," ಅಂದಳು, "ನಾನೀಗ ಯಾವ ದೇಶದಲ್ಲಿದ್ದೇನೆ?"

ನಾನು ಬುಕ್‌ಲೆಟ್ಟನ್ನು ಮುಚ್ಚಿದೆ.

"ಇವತ್ತು ಅಕ್ಕನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ನೀನು ಯಾವಾಗ ಹೋಗುತ್ತೀ ಅಂತ ಕೇಳಿದಳು. ಹೋಗುವುದಿಲ್ಲ ಅಂದೆ."

"ನಾಳೆಯೇ ಹೊರಟರೆ ಒಂದೆರಡು ತಿಂಗಳಷ್ಟೇ ನಷ್ಟ," ಎಂದೆ. ಹೇಳುತ್ತಿರುವಾಗಲೇ ನನ್ನ ಅಣ್ಣ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತ ಹಾಗಾಯಿತು.

"ನೀನು ನಿನ್ನ ಅಣ್ಣನನ್ನು ಬಿಟ್ಟು ಹೋಗಿದ್ದೆಯಲ್ಲ, ಇಪ್ಪತ್ತೇಳನೆಯ ದಿನ."

"ಹೋಗಿದ್ದೆ."

"ಒಳ್ಳೆಯದಾಯಿತೆ?"

"ಇಲ್ಲ."

"ಸರಿ ಹಾಗಾದರೆ," ಅಂದಳು. "ಕುಂಡಕ್ಕೆ ನೀರು ಜಾಸ್ತಿ ಹಾಕಬೇಡ."

ಅಕ್ಕ ಇನ್ನೂ ಹದಿನೇಳು ದಿನ ಇದ್ದಳು. ಅವರಲ್ಲಿ ಸತ್ತಮೇಲೆ ಒಂಬತ್ತು ದಿನ ಜಪಮಾಲೆ ಹೇಳುವ ಪದ್ಧತಿಯಿದೆ. ನೆರೆಹೊರೆಯವರೆಲ್ಲ ಬಂದು ಕೂಡುತ್ತಾರೆ, ಕಾಫಿ, ಬಿಸ್ಕತ್ತು. ಅದನ್ನೂ ಮುಗಿಸಿಯೇ ಬಂದಳು. ಏರ್‌ಪೋರ್ಟಿನಿಂದ ನನ್ನ ತಂಗಿಯೇ ಕರೆತಂದಳು. ಸಾಮಾನು ಎಂದರೆ ಹೋಗುವಾಗಿನ ಚೀಲವೇ, ಅದರ ಮೇಲೊಂದು ಹಳೆಯ ಬೀಸಣಿಗೆ, ಅಕ್ಕನದು.

ಆಮೇಲೆ ಶುರುವಾದದ್ದು ಇನ್ನೊಂದು ಎಣಿಕೆ. ಮೂವತ್ತು ದಿನ ಇಲ್ಲಿ ಇದ್ದು ತೋರಿಸಬೇಕು. ನನ್ನ ಕ್ಯಾಲೆಂಡರಿನ ಹಾಳೆಯನ್ನು ಕಿತ್ತು ಅವಳ ಫ್ರಿಜ್ಜಿಗೆ ಅಂಟಿಸಿದೆ, ಪೆನ್ಸಿಲನ್ನು ದಾರದಲ್ಲಿ ತೂಗುಬಿಟ್ಟೆ. ಪೆನ್ಸಿಲ್ ಕಂಡು, "ನಾನು ಎಣಿಸಬೇಕಾಗಿಲ್ಲ ಅಂತ ನೀನೇ ಅಂದಿದ್ದೆಯಲ್ಲ," ಎಂದಳು. ತಮಾಷೆಗೇ ಅಂದಳು. ನನಗೆ ನಗು ಬರಲಿಲ್ಲ.

ಆ ತಿಂಗಳು ಅವಳ ಊಟ ನನ್ನಲ್ಲೇ ಆಯಿತು. ಮೊದಲ ದಿನ ಬೇಡ ಅಂದಳು. ಎರಡನೆಯ ದಿನ ತಟ್ಟೆ ಹಿಡಿದುಕೊಂಡು ತಾನೇ ಬಂದಳು. ತಿಳಿಸಾರು ಕುಡಿದು, ಇದು ಕಾಯಿಲೆಯವರ ಊಟ ಎಂದಳು. ಅವಳ ಕುಂಡದ ಸೊಪ್ಪು ಹಾಕಿದ ಮೇಲೆ ಒಪ್ಪಿದಳು. ಒಂದು ದಿನ ಆಡಿಟರ ಹೆಂಡತಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟುಕಳಿಸಿದರು. ತಂದವರು ಆಡಿಟರೇ. ಬಾಗಿಲಲ್ಲೇ ನಿಂತು, ಅವಳ ಮುಖ ನೋಡದೆ, "ಯಾವುದಾದರೂ ಫಾರ್ಮ್ ತುಂಬೂದಿದ್ರ ಹೇಳ್ರಿ ಟೀಚರ, ಎರಡೂ ಕಡೆ ಓದೋ ಅಭ್ಯಾಸ ನನಗದ," ಎಂದು ಹೇಳಿ ಹೋದರು. ಚುಚ್ಚಿದ್ದೇ. ಆದರೂ ಅವರು ಬಂದದ್ದು ದೊಡ್ಡದು.

ಮೂವತ್ತೊಂದನೆಯ ದಿನ ತಂಗಿ ಕಾರಿನಲ್ಲಿ ನಮ್ಮಿಬ್ಬರನ್ನೂ ಎಸ್‌ಎಸ್‌ಐ ಆಫೀಸಿಗೆ ಬಿಟ್ಟಳು. ನಂಬರ್ ಚೀಟಿ ತೆಗೆದುಕೊಂಡು ಕೂತೆವು. ಸುತ್ತಲೂ ನಮ್ಮಂಥವರೇ. ಗುಜರಾತಿ ಅಜ್ಜಿಯೊಬ್ಬಳು ಪಕ್ಕದವಳಿಗೆ, ನೀವು ಇಂಡಿಯಾದಲ್ಲಿ ಎಷ್ಟು ದಿನ ಇದ್ದಿರಿ ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು. ಉತ್ತರ ಬಂತು, ಇಪ್ಪತ್ತೆಂಟು.

ಗಾಜಿನ ಹಿಂದಿದ್ದ ಹುಡುಗಿ ಚಿಕ್ಕವಳು, ಬಹಳ ಮರ್ಯಾದೆಯವಳು. ಅಕ್ಕ ತೀರಿಕೊಂಡದ್ದಕ್ಕೆ ಸಾರಿ ಎಂದಳು. ಅವಳದು ಬರಿಯ ಬಾಯಿಮಾತಲ್ಲ. ಆಮೇಲೆ ಪರದೆ ನೋಡುತ್ತ ಪ್ರಶ್ನೆ ಕೇಳತೊಡಗಿದಳು. ವಿಳಾಸ, ಬ್ಯಾಂಕು, ಜೊತೆಗೆ ಯಾರಾದರೂ ಇದ್ದಾರೆಯೆ. ಕೊನೆಗೆ, ಇಂಥ ದಿನದಿಂದ ಇಂಥ ದಿನದವರೆಗೆ ನೀವು ಯುನೈಟೆಡ್ ಸ್ಟೇಟ್ಸಿನ ಹೊರಗಿದ್ದಿರಾ?

"ಇಲ್ಲ," ಎಂದಳು ನನ್ನ ಎದುರುಮನೆಯವಳು.

ಹುಡುಗಿ ತಲೆಯೆತ್ತಿದಳು. "ನೀವು ಪೋರ್ಟೊ ರಿಕೊದಲ್ಲಿದ್ದಿರಿ ಅಂತ ಇದೆ, ಮ್ಯಾಮ್."

"ಹೌದು. ಪೋರ್ಟೊ ರಿಕೊದಲ್ಲಿದ್ದೆ."

"ಅಂದರೆ ಹೊರಗೆ."

"ಇಲ್ಲ. ನಾನು ಮನೆಯಲ್ಲಿದ್ದೆ."

ಹುಡುಗಿಗೆ ಪಾಪ ಕಷ್ಟವಾಯಿತು. ದನಿ ತಗ್ಗಿಸಿ, ಇದಕ್ಕೆ ಯೆಸ್ ಅಥವಾ ನೋ ಮಾತ್ರ ಹಾಕಲು ಬರುತ್ತದೆ, ನೋ ಹಾಕಿದರೆ ದಾಖಲೆಗೂ ಇದಕ್ಕೂ ತಾಳೆಯಾಗದೆ ಫೈಲು ಇನ್ನೊಂದು ಕಡೆಗೆ ಹೋಗುತ್ತದೆ, ಎಷ್ಟು ತಿಂಗಳಾಗುತ್ತದೋ ತನಗೂ ಗೊತ್ತಿಲ್ಲ ಎಂದಳು. ನನ್ನ ಕಡೆ ನೋಡಿದಳು. ನನ್ನ ಪಕ್ಕದವಳೂ ನನ್ನ ಕಡೆ ತಿರುಗಿದಳು. ಅವಳ ಕೈ ಕೌಂಟರಿನ ಮೇಲಿತ್ತು, ಬಿಳುಪು ಅಂಗೈ ಮೇಲಾಗಿ.

"ಮಾಯೆಸ್ತ್ರಾ, ನೀನು ಹೇಳು. ನಾನು ಹೊರಗಿದ್ದೆನಾ?"

ಸುಳ್ಳು ಹೇಳಿದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಮೂವತ್ತನಾಲ್ಕು ವರ್ಷ ನಿಲ್ಲಿಸಿದೆ. ಕಾನೂನಿನ ಪುಸ್ತಕದ ಪ್ರಕಾರ ಇಲ್ಲಿ ಯೆಸ್ ಅನ್ನುವುದೇ ನಿಜ. ಅದು ನಿಜವಾಗುವುದು ಆ ಒಂದು ಪುಸ್ತಕದಲ್ಲಿ ಮಾತ್ರ.

"ಯೆಸ್ ಅನ್ನು," ಎಂದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಬಾಡಿಗೆ ಕಟ್ಟಬೇಕು, ಮೈ ಡಿಯರ್. ಯೆಸ್ ಅನ್ನು."

ಅವಳು ಗಾಜಿನ ಕಡೆ ತಿರುಗಿ, ಪಾಪನಿವೇದನೆಗೆ ಕೂತವಳ ಹಾಗೆ ಬಗ್ಗಿ, ಯೆಸ್ ಅಂದಳು. ಹುಡುಗಿ ಒಂದು ಗುಂಡಿ ಒತ್ತಿದಳು. ಮುಂದಿನ ತಿಂಗಳಿನಿಂದ ಬರುತ್ತದೆ ಎಂದು ಹೇಳಿ, ಕಾಗದವನ್ನು ಕಿಂಡಿಯಿಂದ ಸರಿಸಿ, ಒಳ್ಳೆಯ ಮನಸ್ಸಿನಿಂದಲೇ ನಕ್ಕು, "ವೆಲ್‌ಕಮ್ ಬ್ಯಾಕ್, ಮ್ಯಾಮ್," ಅಂದಳು.

ಕಾರಿನಲ್ಲಿ ತಂಗಿ ರೇಡಿಯೋ ಹಾಕಿ, ಮತ್ತೆ ಆರಿಸಿದಳು.

ಎದುರುಮನೆಯವಳು ಎರಡು ದಿನ ನಮ್ಮ ಮನೆಗೆ ಬರಲಿಲ್ಲ. ನಾನೂ ಬಾಗಿಲು ಬಡಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ನನ್ನ ಕಾಲೊರಸಿನ ಮೇಲೆ ಒಂದು ಸಣ್ಣ ಕುಂಡವಿತ್ತು, ಅದೇ ಸೊಪ್ಪಿನ ಎರಡೆಲೆಯ ಸಸಿ. ಜೊತೆಗೆ ನನ್ನ ಪೆನ್ಸಿಲು, ದಾರದ ಸಮೇತ. ಎದುರಿನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಕಾಫಿ ಕುದಿಯುವ ವಾಸನೆ.

"ಜನವರಿಗೆ ಬೆಂಗಳೂರಿಗೆ ಹೋಗುತ್ತೀ ಅಲ್ಲವೆ?" ಎಂದು ಒಳಗಿನಿಂದಲೇ ಕೇಳಿದಳು.

"ಹೋಗಬೇಕು. ಅತ್ತಿಗೆ ಒಬ್ಬಳೇ ಇದ್ದಾಳೆ."

"ಎಷ್ಟು ದಿನ?"

ಪೆನ್ಸಿಲನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಬೇರೆ ಏನಾದರೂ ಹೇಳಬೇಕೆಂದು ಬಹಳ ಆಸೆಯಾಯಿತು.

"ಇಪ್ಪತ್ತೆಂಟು," ಎಂದೆ.